ನಂದಿಯ ತಪ್ಪಲಲ್ಲಿ ಒಂದು ಗುಟುಕು ಕೆಂಪು ವೈನ್

ವೈನ್ ಅನ್ನೋ ಹೆಸರು ಕಂಡ ಕೂಡಲೇ ಪುಟ ಮಗುಚಿಬಿಡಬೇಡಿ, ಸೋದರಿಯರೇ. ಕುಡಿಯಿರಿ ಅಂತ ಹೇಳೋದಕ್ಕೆ ನಾನು ಬರೀತಿಲ್ಲ. ಕುಡಿತದಿಂದ ಒಡವೆ, ಹೊಲ, ಕೊನೆಗೆ ಇದ್ದೊಂದು ಮನೆಯನ್ನೂ ಕಳಕೊಂಡ ಸಂಸಾರಗಳನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ನಮ್ಮ ದೊಡ್ಡಪ್ಪನ ಮನೆಯೇ ಹಾಗೆ ಹಾಳಾಯಿತು. ಆದ್ದರಿಂದ ಕಳೆದ ಫೆಬ್ರವರಿಯಲ್ಲಿ ನಂದಿಬೆಟ್ಟಕ್ಕೆ ಹೋಗಿದ್ದಾಗ ನಾದಿನಿಯ ಮಗಳು, "ಅತ್ತೆ, ಹಾಗೇ ವೈನ್ ಮಾಡೋ ತೋಟಾನೂ ನೋಡಿಕೊಂಡು ಬರೋಣ" ಅಂದಾಗ ನನ್ನ ಮುಖ ಗಂಟಾಯಿತು. "ಬರೀ ಹಣ್ಣಿನ ರಸ ಅತ್ತೆ, ಯಾಕೆ ಹೆದರ್ತೀರಿ?" ಅಂದಳು. ಆ ಮಾತು ನಿಜವೋ ಸುಳ್ಳೋ ನೋಡಿಯೇಬಿಡೋಣ ಅಂತ ಹೊರಟೆ. ನಮ್ಮವರು ಮೀಸೆಯ ಮರೆಯಲ್ಲಿ ನಗುತ್ತಿದ್ದರು.

ಬೆಳಿಗ್ಗೆ ನಂದಿ ಗ್ರಾಮದ ಭೋಗನಂದೀಶ್ವರನ ದರ್ಶನ ಮುಗಿಸಿದ್ವಿ. ಆ ಕಂಬಗಳ ಕೆತ್ತನೆ ನೋಡೋದಕ್ಕೇ ಒಂದು ದಿನ ಬೇಕು, ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಅಲ್ಲಿಂದ ದೊಡ್ಡಬಳ್ಳಾಪುರದ ಕಡೆ ರಘುನಾಥಪುರದಲ್ಲಿ ಗ್ರೋವರ್ ಅವರ ದ್ರಾಕ್ಷಿ ತೋಟ. ಶುರುವಾದದ್ದು 1988ರಲ್ಲಿ. ಈ ಸೀಮೆಗೆ ದ್ರಾಕ್ಷಿ ಹೊಸದೇನಲ್ಲ. ನಾವು ಜ್ಯೂಸು, ಜಾಮು ಮಾಡುವ ಕಪ್ಪು 'ಬೆಂಗಳೂರು ಬ್ಲೂ' ಇಲ್ಲಿಯದೇ, 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ. ಆದರೆ ಈ ತೋಟದ ಕ್ಯಾಬರ್ನೆ, ಶಿರಾಜ್ ಮುಂತಾದವು ಫ್ರಾನ್ಸ್ ಕಡೆಯ ತಳಿಗಳು. ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಬೀಜ ಬಹಳ. ಇಲ್ಲಿ ಹಗಲು ಚೆನ್ನಾಗಿ ಬಿಸಿಲು, ರಾತ್ರಿ ತಂಪು. ರಾತ್ರಿಯ ಆ ತಂಪಿನಿಂದಲೇ ಹಣ್ಣಿನ ಹುಳಿ ಪೂರ್ತಿ ಕರಗಿಹೋಗದೆ ಉಳಿಯುತ್ತದಂತೆ.

ಕೆಂಪು ವೈನಿಗೆ ಆ ಬಣ್ಣ ಬರೋದು ಸಿಪ್ಪೆಯಿಂದ. ಹೆಚ್ಚಿನ ಕಪ್ಪು ದ್ರಾಕ್ಷಿಯನ್ನು ಹಿಂಡಿದರೆ ರಸ ತಿಳಿಯಾಗಿಯೇ ಇರುತ್ತದೆ, ಮನೆಯಲ್ಲಿ ಒಂದು ಹಣ್ಣು ಸುಲಿದು ಹಿಂಡಿ ನೋಡಿ. ಸಿಪ್ಪೆ, ಬೀಜ ಸಮೇತ ದೊಡ್ಡ ಸ್ಟೀಲ್ ತೊಟ್ಟಿಗಳಲ್ಲಿ ಹುದುಗಲು ಬಿಡುತ್ತಾರೆ. ನಮ್ಮ ದೋಸೆ ಹಿಟ್ಟು ಹುದುಗಿ ಉಬ್ಬುವ ಹಾಗೇ ಅದೂ ಬುಸುಗುಟ್ಟುತ್ತಾ ಏಳುತ್ತದೆ. ಯೀಸ್ಟು ಹಣ್ಣಿನ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡುತ್ತದೆ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನು ರುಚಿ ನೋಡುವ ಕೋಣೆ. ಉದ್ದ ಮೇಜು, ಬಿಳಿ ಬಟ್ಟೆ, ಕಾಲುದ್ದದ ಗಾಜಿನ ಲೋಟಗಳು, ಪಕ್ಕದಲ್ಲಿ ಒಂದು ಪಾತ್ರೆ. ಅದು ಉಗುಳೋದಕ್ಕೆ ಅಂದರು! ಇದನ್ನೇ ಕೆಲಸ ಮಾಡಿಕೊಂಡವರು ದಿನಕ್ಕೆ ಹತ್ತಾರು ಬಗೆ ರುಚಿ ನೋಡಬೇಕು, ನುಂಗಿದರೆ ನಾಲಿಗೆಯೂ ಹೋಯಿತು, ತಲೆಯೂ ಹೋಯಿತು. ಹಾಗಾಗಿ ಬಾಯಲ್ಲಿ ಆಡಿಸಿ ಉಗುಳಿಬಿಡುತ್ತಾರೆ. ಅದನ್ನು ಕೇಳಿದ ಮೇಲೇ ನಾನು ಲೋಟ ಮುಟ್ಟಿದ್ದು.

ಕೊಟ್ಟದ್ದು ಕ್ಯಾಬರ್ನೆ, ಶಿರಾಜ್ ಎರಡೂ ಬೆರೆತ ಎಳೆಯ ವೈನು. ಮೊದಲು ಲೋಟ ಓರೆ ಮಾಡಿ ಬಿಳಿ ಬಟ್ಟೆಯ ಮೇಲೆ ಬಣ್ಣ ನೋಡಬೇಕು. ಅಂಚಿನಲ್ಲಿ ನೇರಳೆ ಛಾಯೆ ಇದ್ದರೆ ಎಳೆಯದು, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಹಳೆಯದು. ಆಮೇಲೆ ಲೋಟ ಗಿರ್ರನೆ ತಿರುಗಿಸಿ ಮೂಗಿಗೆ ಹಿಡಿಯಬೇಕು. ಸಾರಿನ ಪಾತ್ರೆ ಮುಚ್ಚಳ ತೆಗೆದ ಕೂಡಲೇ ಉಪ್ಪು ಹುಳಿ ಹೇಳುವ ಮೂಗು ನಮ್ಮದಲ್ಲವೇ? ನನಗೆ ಚೆನ್ನಾಗಿ ಮಾಗಿದ ನೇರಳೆ ಹಣ್ಣು, ಆಲೂಬುಖಾರ, ಹಿಂದಿನಿಂದ ಚೂರು ಕರಿಮೆಣಸು ತಟ್ಟಿತು. ಮೆಣಸು ಅಂದದ್ದಕ್ಕೆ ತೋರಿಸುತ್ತಿದ್ದ ಹುಡುಗ ಖುಷಿಪಟ್ಟ. ಮೆಣಸಿನ ಘಮಕ್ಕೆ ಕಾರಣವಾದ ರೋಟಂಡೋನ್ ಅನ್ನುವ ವಸ್ತು ಶಿರಾಜ್ ಸಿಪ್ಪೆಯಲ್ಲೂ ಇದೆಯಂತೆ. ಹೀಗೆ ಮೊದಲು ಹಣ್ಣಿನ ಪರಿಮಳವೇ ಮುಂದೆ ಬಂದು ನಿಲ್ಲುವ ವೈನು ಒಂದು ಜಾತಿ. ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಟ್ಟದ್ದರಲ್ಲಿ ಮರದ, ಹೊಗೆಯ, ವೆನಿಲಾದ ವಾಸನೆ ಮುಂದಾಗುತ್ತದೆ. ಅದನ್ನೂ ಮೂಸಿದೆ. ನನಗೆ ಮೊದಲನೆಯದೇ ಸರಿ ಅನ್ನಿಸಿತು.

ಬಾಯಿಗೆ ಹಾಕಿಕೊಂಡೆ ನೋಡಿ, ಸಿಹಿಯೇ ಇಲ್ಲ! ಮೂಗು ಸಿಹಿ ಅಂತ ಮಾತು ಕೊಟ್ಟಿತ್ತು, ನಾಲಿಗೆ ಅದನ್ನು ನಡೆಸಿಕೊಡಲಿಲ್ಲ. ಸಕ್ಕರೆಯೆಲ್ಲ ಯೀಸ್ಟಿನ ಹೊಟ್ಟೆಗೆ ಹೋಗಿ ಆಗಿದೆಯಲ್ಲ! ಮುಂದೆ ಹುಳಿ, ಹದವಾದ ಹುಣಿಸೆಯ ಹಾಗೆ ಬಾಯಲ್ಲಿ ನೀರೂರಿಸುವಂಥದ್ದು. ಹಿಂದೆಯೇ ಒಗರು, ಎಳೆ ಬಾಳೆಕಾಯಿ ಕಚ್ಚಿದಂತೆ ಒಸಡು ಹಿಡಿಯಿತು. ಸಿಪ್ಪೆ ಬೀಜಗಳ ಟ್ಯಾನಿನ್ ಅದು, ಅತಿಯಾಗಿ ಕುದಿಸಿದ ಚಹಾದಲ್ಲಿ ಇರುವಂಥದ್ದೇ. ಗಂಟಲ ಹತ್ತಿರ ಸಣ್ಣಗೆ ಬಿಸಿ. ಉಗುಳಿದ ಮೇಲೂ ಆ ನೇರಳೆಯ ನೆನಪು ಬಾಯಲ್ಲಿ ಸ್ವಲ್ಪ ಹೊತ್ತು ಇತ್ತು, ಒಳ್ಳೆ ಫಿಲ್ಟರ್ ಕಾಫಿಯ ಹಾಗೆ. ಹೀಗೆ ನಿಲ್ಲುವುದೂ ಒಂದು ಗುಣವೆಂದೇ ಎಣಿಸುತ್ತಾರೆ. ನನ್ನ ತೀರ್ಪು ಕೇಳಿದರೆ: ಪರಿಮಳಕ್ಕೆ ಪೂರ್ತಿ ಅಂಕ, ಹುಳಿ ಹದ, ಒಗರು ಒಂದು ಕೈ ಹೆಚ್ಚು. ಊಟದ ಜೊತೆಗಾದರೆ ಆ ಒಗರು ಅಡಗುತ್ತದೆ ಅಂದರು. ಚೂರು ಚೀಸ್ ತಿಂದು ಇನ್ನೊಂದು ಗುಟುಕು ಬಾಯಾಡಿಸಿದೆ, ಹೌದು, ಅಡಗಿತು.

ಶೀಷೆಯನ್ನು ತಿರುಗಿಸಿ ಚೀಟಿ ಓದಿದೆ. ಕೆಂಪು ವೈನಿನಲ್ಲಿ ನೂರಕ್ಕೆ ಹದಿಮೂರು ಪಾಲಿನ ಆಸುಪಾಸು ಮದ್ಯಸಾರ ಇರುವುದು ಸಾಮಾನ್ಯ, ಬಿಯರಿಗಿಂತ ಎರಡು ಪಟ್ಟಿಗೂ ಹೆಚ್ಚು. "ಇದೇನೇ ನಿನ್ನ ಹಣ್ಣಿನ ರಸ?" ಅಂತ ಹುಡುಗಿಗೆ ತೋರಿಸಿದೆ. ಮಾತಾಡಲಿಲ್ಲ. ಹೃದಯಕ್ಕೆ ಒಳ್ಳೆಯದು ಅಂತ ಇದನ್ನು ಔಷಧಿಯ ಹಾಗೆ ಹೊಗಳುವವರೂ ಇದ್ದಾರೆ. ಆದರೆ ಮದ್ಯಸಾರದಲ್ಲಿ ಇಷ್ಟಾದರೆ ಅಪಾಯವಿಲ್ಲ ಅನ್ನುವ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮನೆಯಲ್ಲಿ ಯಾರಾದರೂ ಆ ನೆಪ ತೆಗೆದರೆ ಈ ಮಾತು ಹೇಳಿ. ಬಸುರಿಯರಂತೂ ಹತ್ತಿರ ಸುಳಿಯಲೇಬಾರದು.

ಹೋಗುವುದಾದರೆ ಜನವರಿಯಿಂದ ಮಾರ್ಚ್ ಒಳಗೆ ಹೋಗಿ, ಗೊಂಚಲು ಬಳ್ಳಿಯ ಮೇಲೇ ಸಿಗುತ್ತದೆ. ಬೆಂಗಳೂರಿನಿಂದ ದೊಡ್ಡಬಳ್ಳಾಪುರ ಸುಮಾರು 40 ಕಿಲೋಮೀಟರು. ಮೊದಲೇ ಫೋನ್ ಮಾಡಿ ಹೊತ್ತು ಗೊತ್ತುಮಾಡಿಕೊಳ್ಳಿ, ಬಿಸಿಲಿಗೆ ಕೊಡೆ ಇರಲಿ. ಕಾರು ನಡೆಸುವವರಿಗೆ ಒಂದು ಗುಟುಕೂ ಬೇಡ. ವಾಪಸು ಬರುತ್ತಾ ದಾರಿಯಲ್ಲಿ ಎರಡು ಕಿಲೋ ಬೆಂಗಳೂರು ಬ್ಲೂ ಕೊಂಡ್ವಿ. ಅದರ ಜಾಮಿನ ವಿಧಾನ ಮುಂದಿನ ಸಂಚಿಕೆಗೆ ಕಳಿಸುತ್ತೇನೆ.