ಎರಡು ಮದ್ದು

ಕನ್ನಡದಲ್ಲಿ ಮದ್ದೆಂದರೆ ಔಷಧಿಯೂ ಹೌದು, ತೋಪಿನ ಪುಡಿಯೂ ಹೌದು. ಬಸವಕಲ್ಯಾಣದ ಕೋಟೆಯಲ್ಲಿ ತೋಪು ಕಂಡ ಮಕ್ಕಳು ಕೇಳುತ್ತಾರೆ: 'ಸರ್, ಗಾಳಿಯಾಡದ ನಳಿಗೆಯೊಳಗೆ ಬೆಂಕಿ ಹೇಗೆ ಉರಿಯುತ್ತೆ?'

ಉತ್ತರ ಪೆಟ್ಲುಪ್ಪಿನಲ್ಲಿದೆ. ಉರಿಯುವುದು ಇದ್ದಿಲು, ಗಂಧಕ. ಅವಕ್ಕೆ ಆಮ್ಲಜನಕ ಒದಗಿಸುವುದು ಪೆಟ್ಲುಪ್ಪು, ಅಂದರೆ ಪೊಟ್ಯಾಸಿಯಂ ನೈಟ್ರೇಟ್. ಉರಿದ ಮದ್ದಿನ ಅರ್ಧಕ್ಕಿಂತ ಹೆಚ್ಚು ತೂಕ ಅನಿಲವಾಗದೆ ಘನ ಕಣಗಳಾಗುತ್ತದೆ. ದಟ್ಟ ಬಿಳಿ ಹೊಗೆ ಅದೇ.

1871ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದ, ಒಮ್ಮೆಗೆ ಒಂದೇ ತೋಟಾ ಹಿಡಿಯುವ ಮಾರ್ಟಿನಿ-ಹೆನ್ರಿ ಬಂದೂಕಿನ ಹಿತ್ತಾಳೆ ತೋಟಾದಲ್ಲಿದ್ದುದೂ ಇದೇ ಕರಿಮದ್ದು. ನಳಿಗೆಗೆ ಅಂಟಿದ ಮಸಿ ತೇವ ಹೀರಿ ತುಕ್ಕು ಹಿಡಿಸುತ್ತದೆ. ಅದರ ಲವಣಗಳು ಎಣ್ಣೆಯಲ್ಲಿ ಕರಗವು, ನೀರಿನಲ್ಲಿ ಕರಗುತ್ತವೆ. ಆದ್ದರಿಂದ ಮೊದಲು ನೀರಿನಿಂದ ತೊಳೆದು, ಒರೆಸಿ, ಆಮೇಲೆ ಎಣ್ಣೆ ಸವರಬೇಕು.

ದೀಪಾವಳಿಯ ಮರುದಿನ ಹುಮನಾಬಾದಿನ ಓಣಿಗಳಲ್ಲಿ ಸಿಡಿಯದ ಪಟಾಕಿ ಆರಿಸಿ, ಬಿಚ್ಚಿ, ಮದ್ದು ಗುಡ್ಡೆ ಹಾಕುವ ಹುಡುಗರಿಗೆ ಈ ಪಾಠ ಮುಖ್ಯ. ಪಟಾಕಿಯ ಮದ್ದಿನಲ್ಲೂ ಆಮ್ಲಜನಕ ಒಳಗೇ ಇರುತ್ತದೆ. ಹೊತ್ತಿದರೆ ಊದಿ ಆರಿಸಲಾಗದು, ಮಣ್ಣು ಮುಚ್ಚಿಯೂ ಆರಿಸಲಾಗದು. ಓಡಲು ಸಮಯವೂ ಸಿಗದು.

ತಂದೆತಾಯಂದಿರು ಅಂಗಳದಲ್ಲಿ ಒಂದು ಬಕೆಟ್ ನೀರಿಡಲಿ. ಸಿಡಿಯದ್ದನ್ನು ಸ್ವಲ್ಪ ಹೊತ್ತು ಬಿಟ್ಟು ದೊಡ್ಡವರೇ ಅದರಲ್ಲಿ ಮುಳುಗಿಸಲಿ. ಒಂದು ಮದ್ದು ಮಾಡಿದ ಗಾಯಕ್ಕೆ ಇನ್ನೊಂದು ಮದ್ದು ಹುಡುಕುವ ಪಾಡು ಯಾವ ಮನೆಗೂ ಬೇಡ.