ಮನೆಯಲ್ಲಪ್ಪ, ವ್ಯಾನು

ಹೋದ ಜನವರಿಯ ಒಂದು ಬೆಳಿಗ್ಗೆ ಅಮೆರಿಕದಿಂದ ಅಣ್ಣನ ಫೋನು. ಯಾವಾಗಲೂ ಅವ್ವನನ್ನು ಕೇಳುವವನು ಅಂದು, "ಅಪ್ಪನಿಗೆ ಕೊಡು, ನಲ್ಲೀಲಿ ನೀರು ಬರ್ತಿಲ್ಲ" ಅಂದ. ನನಗೆ ನಗು ಬಂತು. ನಮ್ಮಪ್ಪ ಅಡ್ಯಾರಿನಲ್ಲಿ ನಲ್ಲಿ, ಪೈಪು ರಿಪೇರಿ ಮಾಡುವವನು. ನೀರು ಬರ್ತಿಲ್ಲ ಎಂದು ಗಾಂಧಿನಗರದಿಂದ, ಇಂದಿರಾನಗರದಿಂದ ದಿನಾ ಫೋನು ಬರುತ್ತವೆ. ಮಿನ್ನೆಸೋಟಾದಿಂದಲೂ ಬರಬೇಕೆ!

"ಓನರ್‌ಗೆ ಹೇಳ್ಲಾ, ಬಾಡಿಗೆ ತಗೊಳಲ್ವಾ ಅವ್ನು?" ಅಂದ ಅಪ್ಪ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಣ್ಣ ಮೆಲ್ಲಗೆ, "ಮನೆಯಲ್ಲಪ್ಪ, ವ್ಯಾನು" ಅಂದ.

ಮೋಟರ್‌ಹೋಮ್ ಅಂತೆ. ನಮ್ಮ ಮಿನಿ ಬಸ್ಸಿನಷ್ಟು ಗಾಡಿ. ಒಳಗೇ ಮಂಚ, ಒಲೆ, ಸಿಂಕು, ಕಕ್ಕಸು. ಸಹಪಾಠಿಯೊಬ್ಬನ ಹಳೆಯ ಗಾಡಿ. ಸೆಪ್ಟೆಂಬರಿನಿಂದ ಇಬ್ಬರೂ ಅದರಲ್ಲೇ ಇದ್ದರು. ಅಣ್ಣನ ವಿದ್ಯಾಭ್ಯಾಸದ ಸಾಲದ ಲೆಕ್ಕ ಬರೆಯುವವನು ನಾನು. ತಾಳವಾಡಿಯ ಕನ್ನಡ ಶಾಲೆಯಿಂದ ಬಂದು ಇಲ್ಲಿ ಬಿ.ಕಾಂ. ಇಂಗ್ಲಿಷಿನಲ್ಲಿ ತಡವರಿಸುವ ನನಗೆ ಮನೆಯಲ್ಲಿ ಕೊಟ್ಟಿರುವ ಒಂದೇ ಮರ್ಯಾದೆಯ ಕೆಲಸ ಅದು. ತಿಂಗಳಿಗೆ ಬಾಡಿಗೆ 600 ಡಾಲರ್ ಎಂದು ಅವನು ಹೇಳಿದ್ದನ್ನು ತಪ್ಪದೆ ಬರೆಯುತ್ತಿದ್ದೆ. ಸೆಪ್ಟೆಂಬರಿನಿಂದ ಬಡ್ಡಿಗೆಂದು ಅವನು ಕಳಿಸುತ್ತಿದ್ದ ಹಣ ಎಲ್ಲಿಂದ ಬಂತೆಂದು ಆ ಗಳಿಗೆಯಲ್ಲಿ ಹೊಳೆಯಿತು. ಅವ್ವ ಆ ಹಣ ಬಂದಾಗಲೆಲ್ಲ ದೇವರಿಗೆ ದೀಪ ಹಚ್ಚುತ್ತಿದ್ದಳು.

ಅಪ್ಪ ಬೈಯುತ್ತಾನೆಂದು ಕಾದೆ. ಅಪ್ಪ ಕೇಳಿದ್ದು ಒಂದೇ: "ಪೈಪು ಎಲ್ಲೆಲ್ಲಿ ಹೋಗದ, ತೋರ್ಸು."

ಅಣ್ಣ ಫೋನು ಹಿಡಿದುಕೊಂಡು ಗಾಡಿಯೆಲ್ಲ ತೋರಿಸಿದ. ನೆಲದಡಿ ನೀರಿನ ಟ್ಯಾಂಕು, ಬ್ಯಾಟರಿಯಿಂದ ಓಡುವ ಪುಟ್ಟ ಪಂಪು, ಗೀಸರು, ಅಲ್ಲಿಂದ ನಲ್ಲಿ. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಮದರಾಸಿನ ಚಳಿಗೆ ಮಫ್ಲರ್ ಸುತ್ತುವ ನಮಗೆ ಅದು ಅರ್ಥವಾಗುವ ಲೆಕ್ಕವಲ್ಲ. ಹೆಚ್ಚಿನ ವಸ್ತುಗಳು ಗಟ್ಟಿಯಾದರೆ ಕುಗ್ಗುತ್ತವೆ. ಆದರೆ ನೀರು ನೂರಕ್ಕೆ ಒಂಬತ್ತು ಪಾಲು ಉಬ್ಬುತ್ತದೆ. ಪೈಪಿನ ನಡುವೆ ಗಡ್ಡೆ ಕಟ್ಟಿ, ಆಚೆ ನಲ್ಲಿ ಮುಚ್ಚಿದ್ದರೆ ಮಧ್ಯೆ ಸಿಕ್ಕಿಬಿದ್ದ ನೀರಿಗೆ ಹೋಗಲು ದಾರಿಯಿಲ್ಲ. ಆ ಒತ್ತಡಕ್ಕೆ ಪೈಪು ಸೀಳುತ್ತದೆ. ಇದು ಅಣ್ಣ ಹೇಳಿದ ಪಾಠ. ಎಂಟನೇ ಕ್ಲಾಸು ಓದಿದ ಅಪ್ಪ ಅರ್ಧಕ್ಕೇ ತಡೆದು, "ಹಂಗಾದ್ರ ಮೊದ್ಲು ಪಂಪ್ ಆಫ್ ಮಾಡು. ನಲ್ಲಿ ತಿರುಗ್ಸಿ ಬುಡು, ಒತ್ತಡ ಈಚ್ಗ ಬರ್ಲಿ" ಅಂದ.

ಬೆಂಕಿ ಹಿಡಿಯಬೇಡ ಎಂದೂ ಅಪ್ಪನೇ ಹೇಳಿದ್ದು, ಪ್ಲಾಸ್ಟಿಕ್ ಪೈಪು ನೋಡಿ. ತಲೆಗೂದಲು ಒಣಗಿಸುವ ಯಂತ್ರವನ್ನು ಪಕ್ಕದ ಗಾಡಿಯವರಿಂದ ತಂದು ನಲ್ಲಿಯ ತುದಿಯಿಂದ ಹಿಂದಕ್ಕೆ ಕಾಯಿಸುತ್ತ ಹೋದರು. ಮುಕ್ಕಾಲು ಗಂಟೆ. ಅಷ್ಟು ಹೊತ್ತೂ ಅಪ್ಪ ಫೋನು ಇಡಲಿಲ್ಲ. ಕಸ್ತೂರಬಾ ನಗರದ ಗಿರಾಕಿ ಎರಡು ಸಲ ಕರೆದರೂ ತೆಗೆಯಲಿಲ್ಲ. ಕೊನೆಗೆ ನಲ್ಲಿ ಕೆಮ್ಮಿತು, ಉಗುಳಿತು, ನೀರು ಬಂತು. ಅಡ್ಯಾರಿನಲ್ಲಿ ಕೂತ ನಾವು ಮೂವರೂ ಓ ಎಂದೆವು.

ನಡೆದದ್ದು ಅಷ್ಟೇ ಆದರೆ ಬರೆಯುತ್ತಿರಲಿಲ್ಲ. ತುಂಬಾ ಚಳಿಯ ರಾತ್ರಿ ಟ್ಯಾಂಕು, ಗೀಸರು, ಪೈಪು ಎಲ್ಲ ಖಾಲಿ ಮಾಡಿ, ಕುಡಿಯುವ ನೀರನ್ನು ಕ್ಯಾನಿನಲ್ಲಿ ಒಳಗಿಟ್ಟುಕೊಳ್ಳುತ್ತೇನೆ ಎಂದ ಅಣ್ಣ. ಅಪ್ಪ, "ಸರಿ. ಸಿಂಕಿನ ಕೆಳಗ ಬಾಗಿರೋ ಪೈಪಲ್ಲಿ ನಿಂತಿರ್ತದಲ್ಲ, ಆ ನೀರಿಗ ಏನ್ಮಾಡ್ತೀಯಾ?" ಅಂದ. ಚರಂಡಿಯ ವಾಸನೆ ಮೇಲೆ ಬರದಂತೆ ತಡೆಯುವ ನೀರು ಅದು. ಎಷ್ಟು ಬಸಿದರೂ ನಿಂತೇ ಇರುತ್ತದೆ. ಇಂಜಿನಿಯರ್ ಅಣ್ಣನಿಗೆ ಅದು ಹೊಳೆದೇ ಇರಲಿಲ್ಲ. "ಉಪ್ಪು ಸುರಿದರೆ?" ಎಂದೂ ಅಪ್ಪನೇ ಕೇಳಿದ. ಕುಲ್ಫಿಯವನು ಐಸಿಗೆ ಉಪ್ಪು ಬೆರೆಸುವುದನ್ನು ನೋಡಿದ್ದಾನಲ್ಲ. ಸುಮಾರು ಮೈನಸ್ 21ಕ್ಕೆ ಉಪ್ಪುನೀರೂ ಸೋಲುತ್ತದೆ, ಅಲ್ಲದೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಇಂಥ ಗಾಡಿಗಳಿಗೆಂದೇ ಗುಲಾಬಿ ಬಣ್ಣದ ದ್ರವವೊಂದು ಸಿಗುತ್ತದೆ, ಪ್ರೊಪಿಲೀನ್ ಗ್ಲೈಕಾಲ್. ಅದನ್ನು ಆ ಬಾಗಿಗೆ ಸುರಿಯಬೇಕು. ಇಂಜಿನ್ನಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ನೀರಿನ ಪೈಪಿನ ಹತ್ತಿರವೂ ತರಬಾರದು.

ಆ ಸಂಜೆ ಬಸ್ಸಿನಲ್ಲಿ ಮರೀನಾ ಕಡೆ ಹೋಗುವಾಗ ಐಸ್ ಹೌಸ್ ನೋಡಿದೆ. ಟ್ಯೂಡರ್ ಎಂಬ ವ್ಯಾಪಾರಿ ಅಮೆರಿಕದ ಕೆರೆಗಳ ಗಡ್ಡೆಯನ್ನು ಹಡಗಿನಲ್ಲಿ ತಂದು ಮಾರಲು 1842ರಲ್ಲಿ ಕಟ್ಟಿಸಿದ್ದು. ದೊರೆಗಳು ಕಾಸು ಕೊಟ್ಟು ಕೊಂಡ ಆ ಚಳಿ ಅಣ್ಣನ ಪೈಪಿಗೆ ಪುಕ್ಕಟೆ ಬಂದಿತ್ತು.

ಅವ್ವ ಅಂದು ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಅದ್ರೊಳ್ಗ ಕಾಲು ಚಾಚ್ಕೊಂಡು ಮಲಗ್ಬೋದಾ ಮಗಾ?" ಮಂಚ ಸ್ವಲ್ಪ ಗಿಡ್ಡ ಎಂದ ಅಣ್ಣ. ಇನ್ನೂ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ನಾನು ಲೆಕ್ಕದ ಪುಸ್ತಕ ತೆಗೆದು ಐದು ತಿಂಗಳ ಬಾಡಿಗೆಯನ್ನು ಹೊಡೆದುಹಾಕಿದೆ. ಅಪ್ಪ ಬ್ಯಾಗು ಹೆಗಲಿಗೆ ಹಾಕಿಕೊಂಡು ಕಸ್ತೂರಬಾ ನಗರಕ್ಕೆ ಹೊರಟ. ಬಾಗಿಲ ಬಳಿ ತಿರುಗಿ, "ಆ ಗುಲಾಬಿ ನೀರು ಎಷ್ಟಾಯ್ತದ ಕೇಳು" ಅಂದ.