ರಟ್ಟಿನ ಗಣಿ

ಬಂಗಾರಪೇಟೆಯ ನಮ್ಮ ಬಾಡಿಗೆ ಮನೆಯ ಹಜಾರದಲ್ಲಿ ಎರಡು ತಿಂಗಳು ಒಂದು ಗಣಿ ನಿಂತಿತ್ತು. ಫ್ರಿಜ್ಜಿನ ಖಾಲಿ ಪೆಟ್ಟಿಗೆಗಳನ್ನು ಅಂಟಿಸಿ ಮಾಡಿದ ಎಂಟಡಿ ಎತ್ತರದ ಗಣಿ. ಮುಂದಿನ ಹಲಗೆಯ ಮೇಲೆ ಮಗು ನಿಂತರೆ ಮೂವತ್ತೆರಡು ದೀಪಗಳು ಒಂದೊಂದಾಗಿ ಹೊತ್ತುತ್ತಾ ಕೆಳಗಿಳಿಯಬೇಕು. ತಳ ಮುಟ್ಟಿದಾಗ ಗಂಟೆ ಹೊಡೆಯಬೇಕು. ದೀಪವೊಂದಕ್ಕೆ ನೂರು ಮೀಟರ್ ಲೆಕ್ಕ. ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿ ಮೂರು ಕಿ.ಮೀ.ಗೂ ಹೆಚ್ಚು ಆಳವಾಗಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅನಂತರ ಹುಟ್ಟಿದ ಮಕ್ಕಳಿಗೆ ಗೊತ್ತಿರುವುದು ಸೈನೈಡ್ ಗುಡ್ಡ, ಮತ್ತೆ ಕತ್ತಲಿರುವಾಗಲೇ ಅಪ್ಪ ಹಿಡಿಯುವ ಬೆಂಗಳೂರಿನ ರೈಲು.

ಇಷ್ಟು ದೊಡ್ಡದೇಕೆ ಎಂದು ಗೆಳೆಯರು ಕೇಳಿದರು. ಅಮೆರಿಕದಲ್ಲಿ ರೆಮೋ ಸರಸೇನಿ ಎಂಬಾತ 1982ರಲ್ಲಿ ಕಾಲಿನಿಂದ ತುಳಿದು ನುಡಿಸುವ ಪಿಯಾನೋ ಮಾಡಿದ್ದ. 1988ರ 'ಬಿಗ್' ಸಿನಿಮಾದಿಂದ ಅದು ಹೆಸರಾಯಿತು. ಬೆರಳಿನ ಕೆಲಸ ಇಡೀ ಮೈಗೆ ಬಂದರೆ ಮಕ್ಕಳು ಸುಮ್ಮನೆ ನೋಡುತ್ತಾ ಕೂರುವುದಿಲ್ಲ.

ಹಲಗೆಯ ಒಳಗುಟ್ಟು ಬಹಳ ಸರಳ. ಎರಡು ರಟ್ಟು, ಅವುಗಳ ಒಳಮೈಗೆ ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆ, ನಡುವೆ ತೂತು ಕೊರೆದ ಸ್ಪಂಜು. ತುಳಿದಾಗ ತೂತುಗಳಲ್ಲಿ ಹಾಳೆಗಳು ಒಂದಕ್ಕೊಂದು ತಾಗುತ್ತವೆ; ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಆರ್ಡುಯಿನೋ ಬೋರ್ಡಿಗೆ ಸುದ್ದಿ ಮುಟ್ಟುತ್ತದೆ. ನಾವು ತುಳಿದಾಗಲೆಲ್ಲ ದೀಪ ಹೊತ್ತಿತು. ಪಕ್ಕದ ಮನೆಯ ಆರು ವರ್ಷದ ಹುಡುಗಿ ಹತ್ತಿದಳು, ಏನೂ ಆಗಲಿಲ್ಲ. ಕುಪ್ಪಳಿಸಿದಳು. ಆಗಲೂ ಇಲ್ಲ. "ನಾನು ಭಾರ ಇಲ್ವಾ ಅಂಕಲ್?" ಎಂದು ಕೇಳಿದಳು. ಮಕ್ಕಳಿಗೆಂದು ಮಾಡಿದ್ದನ್ನು ನಮ್ಮ ತೂಕಕ್ಕೆ ಹೊಂದಿಸಿಕೊಂಡಿದ್ದೆವು! ತೆಳು ಸ್ಪಂಜು ಹಾಕಿ ತೂತುಗಳನ್ನು ದೊಡ್ಡದು ಮಾಡಿದೆವು.

ಒಂದು ಭಾನುವಾರ ಗಣಿಯನ್ನು ಲಗೇಜ್ ಆಟೋದಲ್ಲಿ ಮಲಗಿಸಿಕೊಂಡು ಕೆ.ಜಿ.ಎಫ್.ನ ಕಾರ್ಮಿಕರ ಲೈನ್ ಮನೆಗಳ ಬೀದಿಗೆ ಹೋದೆವು. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂದ ಊರು. ಅಂದು ಮಾತ್ರ ಕರೆಂಟ್ ಇರಲಿಲ್ಲ. ಪವರ್ ಬ್ಯಾಂಕಿಗೆ ಸಿಕ್ಕಿಸಿದೆವು. ಮಕ್ಕಳು ಸಾಲು ಮುರಿದು ಮುತ್ತಿಕೊಂಡರು.

ಜಗುಲಿಯಲ್ಲಿ ಕೂತು ನೋಡುತ್ತಿದ್ದ ಒಬ್ಬ ತಾತ, ಗಣಿಯಲ್ಲಿ ದುಡಿದವರು, ಎದ್ದು ಬಂದರು. "ಏನ್ ಸಾರ್, ಗಂಟೆ ಕೊನೇಲಿ ಹೊಡೀತದೆ? ಮೊದಲು ಗಂಟೆ, ಆಮೇಲೆ ಕೇಜ್. ಮೇಲೆ ಯಂತ್ರ ನಡೆಸೋನಿಗೆ ನಾವು ಕಾಣಲ್ಲ. ಗಂಟೆ ಎಣಿಸಿಯೇ ಅವನು ನಮ್ಮನ್ನ ಇಳಿಸಬೇಕು."

ನಾವು ತಲೆಯಾಡಿಸಿದೆವು. ಅವರು ಇನ್ನೊಮ್ಮೆ ದೀಪಗಳು ಇಳಿಯುವುದನ್ನು ನೋಡಿದರು. "ಇಳಿಯೋದು ಸರಿ. ಹತ್ತೋದು ಎಲ್ಲಿ?"

ಅದನ್ನು ನಾವು ಬರೆದೇ ಇರಲಿಲ್ಲ. ತಳ ಮುಟ್ಟಿದ ಮೇಲೆ ದೀಪಗಳೆಲ್ಲ ಒಮ್ಮೆಗೇ ಆರಿಹೋಗುತ್ತಿದ್ದವು. ಎಷ್ಟೋ ಜನ ಮೇಲೆ ಬಾರದ ಊರಿನಲ್ಲಿ ಅದನ್ನೇ ಆಟವೆಂದು ತೋರಿಸಿದ್ದೆವಲ್ಲ ಎಂದು ನಾಚಿಕೆಯಾಯಿತು.

ಅಂದು ರಾತ್ರಿಯೇ ಪ್ರೋಗ್ರಾಮ್ ತಿದ್ದಿದೆವು. ಈಗ ಒಬ್ಬರು ಗಂಟೆ ಹೊಡೆಯಬೇಕು, ಇನ್ನೊಬ್ಬರು ಹಲಗೆಯ ಮೇಲೆ ನಿಲ್ಲಬೇಕು. ಮತ್ತೆ ಗಂಟೆಯಾದರೆ ದೀಪಗಳು ಮೇಲೇರುತ್ತವೆ. ರಟ್ಟು ಹರಿದುಹೋಗಿದೆ, ಪ್ಲೈವುಡ್ ತಂದಿದ್ದೇವೆ. ಗಂಟೆ ಎಲ್ಲಿರಬೇಕೆಂದು ತಾತನೇ ಪೆನ್ಸಿಲಿನಿಂದ ಗುರುತು ಹಾಕಿಕೊಟ್ಟಿದ್ದಾರೆ.